ಹಾಯಿಕಂಬದ ಬುಡದಲ್ಲಿ ಒಬ್ಬ ಅಜ್ಜಿ



ಇಂದು ನಾನು ನಿಮಗೆ ಒಂದು ಕಂಬದ ಬುಡದ ಕಥೆ ಹೇಳಬೇಕೆಂದು ಬಂದಿದ್ದೇನೆ. ನಾನು ಪಂಡಿತನಲ್ಲ. ಎಸ್ಸೆಸ್ಸೆಲ್ಸಿಯವರೆಗೆ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೆಲಸ ಮಾಡಿ ನಿವೃತ್ತನಾದವನು. ಕನ್ನಡದಲ್ಲಿ ನನ್ನಂಥವನಿಗೆ ‘ಪಾಮರ’ ಎನ್ನುತ್ತಾರೆ. ಆದರೆ ನಮ್ಮ ಕಾಸರಗೋಡಿನ ಕಡೆ ಎರಡು ಭಾಷೆ ಬಲ್ಲ ನಿಮಗೆ ಗೊತ್ತುಂಟು, ಮಲಯಾಳದಲ್ಲಿ ‘ಪಾಮರಂ’ ಎಂದರೆ ಹಡಗಿನ ಹಾಯಿಕಂಬ. ಹಾಗಾಗಿ ಈ ಪಾಮರನು ಇವತ್ತು ಆ ಪಾಮರದ ಕಥೆ ಹೇಳಿದರೆ ತಪ್ಪೇನೂ ಇಲ್ಲವಷ್ಟೆ?

ಇದಕ್ಕೆ ಕಾರಣಳಾದವಳು ನನ್ನ ಮೊಮ್ಮಗಳು. ಒಂದು ದಿನ ಶಾಲೆಯ ಪುಸ್ತಕದಲ್ಲಿ ಹಾಯಿಹಡಗಿನ ಚಿತ್ರ ನೋಡುತ್ತಾ ಕೇಳಿದಳು: “ಅಜ್ಜ, ಈ ಕಂಬ ಕೆಳಗೆ ಎಂಥದ್ದರ ಮೇಲೆ ನಿಂತಿರುವುದು? ನೆಲವೇ ಇಲ್ಲವಲ್ಲ?” ನಾನು ಸುಮ್ಮನಾದೆ. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿಗಳನ್ನು ನೋಡಿದವನು ನಾನು. ಬೇಪೂರಿನಲ್ಲಿ ಕಟ್ಟುವ ಉರುಗಳ ಹೆಸರನ್ನೂ ಕೇಳಿದವನು. ಆದರೂ ಕಂಬದ ಮೇಲ್ತುದಿಯನ್ನು ತಲೆಯೆತ್ತಿ ನೋಡಿದ್ದೇನೆಯೇ ಹೊರತು ಬುಡವನ್ನು ಬಗ್ಗಿ ನೋಡಿದವನಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದುತ್ತಾ ಹೋದಾಗ ಸಾವಿರದ ಇನ್ನೂರು ವರ್ಷ ಹಿಂದಿನ ಒಂದು ರಿಪೇರಿಯ ಕಥೆ ಸಿಕ್ಕಿತು. ಅದು ನಡೆದದ್ದು ದೂರದ ನಾರ್ವೆ ದೇಶದಲ್ಲಿ.

ಮೊದಲು ಕಂಬದ ಕಷ್ಟ ಏನೆಂದು ತಿಳಿಯೋಣ. ಆಷಾಢದ ಗಾಳಿಮಳೆಗೆ ನೀವು ಕೊಡೆ ಹಿಡಿದು ಗದ್ದೆಯ ಹುಣಿಯ ಮೇಲೆ ನಡೆಯುವಾಗ ಏನು ಮಾಡುತ್ತೀರಿ? ಒಂದೇ ಕೈಯಲ್ಲಿ ಹಿಡಿದರೆ ಗಾಳಿ ಬೀಸಿದ ಕಡೆಗೆ ಕೊಡೆ ವಾಲುತ್ತದೆ. ಆಗ ಒಂದು ಕೈ ಕೆಳಗೆ ಹಿಡಿಯ ಹತ್ತಿರ, ಇನ್ನೊಂದು ಕೈ ಸ್ವಲ್ಪ ಮೇಲೆ ಕೋಲಿನ ಮೇಲೆ ಇಟ್ಟು ಹಿಡಿಯುತ್ತೀರಿ. ಕೆಳಗಿನ ಕೈ ಭಾರ ಹೊರುತ್ತದೆ, ಬುಡ ಜಾರದಂತೆ ನೋಡಿಕೊಳ್ಳುತ್ತದೆ. ಮೇಲಿನ ಕೈ ಗಾಳಿಯ ತಳ್ಳಾಟವನ್ನು ತಡೆಯುತ್ತದೆ. ಹಾಯಿಕಂಬಕ್ಕೂ ಇಂಥ ಎರಡು ಕೈ ಬೇಕು. ಕೆಳಗೆ ಹಡಗಿನ ಹೊಟ್ಟೆಯೊಳಗೆ, ಬೆನ್ನೆಲುಬಿನಂತಿರುವ ಅಡಿಮರದ ಮೇಲೆ ಒಂದು ದಪ್ಪ ದಿಮ್ಮಿ. ಅದರಲ್ಲಿ ಕೊರೆದ ಕುಳಿ. ಒರಳಿನಲ್ಲಿ ಒನಕೆ ನಿಂತಂತೆ ಕಂಬದ ಬುಡ ಆ ಕುಳಿಯಲ್ಲಿ ನಿಲ್ಲುತ್ತದೆ. ಮೇಲೆ, ಜನ ಓಡಾಡುವ ಹಲಗೆಯ ಮಟ್ಟದಲ್ಲಿ ಇನ್ನೊಂದು ದಿಮ್ಮಿ ಕಂಬದ ಸೊಂಟವನ್ನು ಬಿಗಿಯಾಗಿ ಹಿಡಿದಿರುತ್ತದೆ.

ನಾರ್ವೆಯ ಹಳೆಯ ಹಡಗಿನವರು ಇವೆರಡಕ್ಕೂ ಚಂದದ ಹೆಸರು ಇಟ್ಟಿದ್ದರು. ಮೇಲಿನದು ‘ಮೀನು’. ಉದ್ದಕ್ಕೆ ಚಾಚಿ ಎರಡೂ ತುದಿಗೆ ಸಪೂರವಾಗುವ ಆ ದಿಮ್ಮಿಯನ್ನು ನೋಡಿದರೆ ಹಡಗಿನ ನಡುವೆ ಒಂದು ದೊಡ್ಡ ಮೀನು ಮಲಗಿದಂತೆಯೇ ಕಾಣುತ್ತದೆ. ಕೆಳಗಿನ ದಿಮ್ಮಿಯ ಹೆಸರು ಅವರ ಭಾಷೆಯಲ್ಲಿ ‘ಶೆರಿಂಗ್’. ಅಂದರೆ ಮುದುಕಿ. ನಾವು ಗೌರವದಿಂದ ‘ಅಜ್ಜಿ’ ಎನ್ನೋಣ. ಮೇಲೆ ಹಾಯಿ ಎಷ್ಟು ಮೆರೆದರೂ ಅಡಿಯಲ್ಲಿ, ಕತ್ತಲೆಯಲ್ಲಿ, ಕೊಳಕು ನೀರಿನ ನಡುವೆ ಕೂತು ಎಲ್ಲ ಭಾರ ಹೊರುವವಳು ಅಜ್ಜಿ. ನಮ್ಮ ಮನೆಗಳಲ್ಲಿಯೂ ಇದೇ ಲೆಕ್ಕ ಅಲ್ಲವೇ?

ಇನ್ನು ಕಥೆಗೆ ಬರುತ್ತೇನೆ. ನಾರ್ವೆಯ ಟೋನ್ಸ್‌ಬರ್ಗ್ ಎಂಬ ಊರಿನ ಹತ್ತಿರ ಓಸೆಬರ್ಗ್ ಎಂಬ ಒಂದು ಹಳ್ಳಿಜಾಗ. ಅಲ್ಲಿ ಒಬ್ಬ ರೈತನ ಹೊಲದಲ್ಲಿ ಮಣ್ಣಿನ ದಿಬ್ಬ ಇತ್ತು. 1903ರಲ್ಲಿ ಅಲ್ಲಿ ಅಗೆದಾಗ ಕೆತ್ತನೆಯ ಮರದ ತುಂಡು ಸಿಕ್ಕಿತು. 1904ರ ಬೇಸಿಗೆಯಲ್ಲಿ ಗೇಬ್ರಿಯಲ್ ಗುಸ್ತಾಫ್‌ಸನ್ ಎಂಬ ಪುರಾತತ್ವ ಪಂಡಿತರು ದಿಬ್ಬವನ್ನು ಬಿಡಿಸಿದರು. ಒಳಗೆ ಒಂದು ಇಡೀ ಹಡಗು! ಉದ್ದ ಸುಮಾರು ಇಪ್ಪತ್ತೊಂದೂವರೆ ಮೀಟರ್, ಅಗಲ ಐದು ಮೀಟರಿಗಿಂತ ಸ್ವಲ್ಪ ಹೆಚ್ಚು. ಓಕ್ ಮರದ ಹಲಗೆಗಳು. ಹದಿನೈದು ಜೊತೆ ಹುಟ್ಟುಗಳಿಗೆ ಜಾಗ. ಹಡಗಿನ ಮೂತಿಯಲ್ಲಿ ಸುರುಳಿ ಸುತ್ತಿದ ಹಾವಿನ ಹಾಗೆ ಕೆತ್ತನೆ.

ಆ ಹಡಗಿನಲ್ಲಿ ಇಬ್ಬರು ಹೆಂಗಸರನ್ನು ಹೂಳಿದ್ದರು. ಮೂಳೆಗಳ ಪರೀಕ್ಷೆಯ ಪ್ರಕಾರ ಒಬ್ಬಾಕೆಗೆ ಎಪ್ಪತ್ತು ದಾಟಿತ್ತು, ಇನ್ನೊಬ್ಬಾಕೆಗೆ ಐವತ್ತರ ಆಸುಪಾಸು. ಅವರ ಜೊತೆಗೆ ಗಾಡಿ, ಹಿಮದ ಮೇಲೆ ಎಳೆಯುವ ಜಾರುಗಾಡಿಗಳು, ಮಂಚ, ಅಡಿಗೆಯ ಪಾತ್ರೆ, ನೇಯ್ಗೆಯ ಸಾಮಾನು ಎಲ್ಲ ಇಟ್ಟಿದ್ದರು. ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ಕಾಲ ಹೇಳುವ ಒಂದು ವಿದ್ಯೆ ಉಂಟು. ಅದರಿಂದ ಹಡಗು ಕಟ್ಟಿದ್ದು ಕ್ರಿ.ಶ. 820ರ ಸುಮಾರಿಗೆ, ಹೂಳಿದ್ದು 834ರಲ್ಲಿ ಎಂದು ತಿಳಿದುಬಂತು. ನಮ್ಮ ನಾಡಿನಲ್ಲಿ ಆಗ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆ ನಡೆಯುತ್ತಿತ್ತು. ‘ಕವಿರಾಜಮಾರ್ಗ’ದ ಕಾಲ ಎಂದು ನೆನಪಿಟ್ಟುಕೊಂಡರೆ ಸಾಕು.

ಮೇಲೆ ಹೇರಿದ್ದ ಕಲ್ಲುಗಳ ಭಾರಕ್ಕೆ ಹಡಗು ಸಾವಿರಾರು ಚೂರಾಗಿತ್ತು. ಆದರೆ ಅಡಿಯಲ್ಲಿದ್ದ ನೀಲಿ ಜೇಡಿಮಣ್ಣಿನ ದೆಸೆಯಿಂದ ಮರ ಕೊಳೆತಿರಲಿಲ್ಲ. ಚೂರುಗಳನ್ನು ಒಣಗಿಸಿ ಒಂದಕ್ಕೊಂದು ಕೂಡಿಸುವುದಕ್ಕೆ 21 ವರ್ಷ ಹಿಡಿಯಿತು. 1926ರಲ್ಲಿ ಅದನ್ನು ರಾಜಧಾನಿ ಓಸ್ಲೋದ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ನಿಂತ ಹಡಗಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಮರ ಹಳೆಯದೇ.

ಹೀಗೆ ಕೂಡಿಸುವಾಗ ಪಂಡಿತರ ಕಣ್ಣಿಗೆ ಬಿದ್ದದ್ದು ಹಾಯಿಕಂಬದ ಸೊಂಟ ಹಿಡಿಯುವ ಆ ‘ಮೀನು’. ಅದು ಸೀಳು ಬಿಟ್ಟಿತ್ತು. ಆ ಸೀಳು ಬಿಟ್ಟದ್ದು ದಿಬ್ಬದ ಭಾರಕ್ಕಲ್ಲ, ಹಡಗು ನೀರಿನಲ್ಲಿ ಓಡುತ್ತಿದ್ದ ಕಾಲದಲ್ಲಿಯೇ. ಹೇಗೆ ಗೊತ್ತು? ಸೀಳಿನ ಮೇಲೆ ಅಡ್ಡಕ್ಕೆ ಎರಡು ಕಬ್ಬಿಣದ ಪಟ್ಟಿಗಳನ್ನು ಬಿಗಿದು ಯಾರೋ ರಿಪೇರಿ ಮಾಡಿದ್ದರು! ಸಾವಿರದ ಇನ್ನೂರು ವರ್ಷದ ಹಿಂದಿನ ಒಬ್ಬ ಕಮ್ಮಾರನ ಕೆಲಸ ಅದು. ಸತ್ತವರ ಜೊತೆ ಹೂಳುವ ಹಡಗಿಗೆ ಯಾರೂ ಪಟ್ಟಿ ಬಿಗಿದು ಕೊಡುವುದಿಲ್ಲ. ಮತ್ತೆ ಸಮುದ್ರಕ್ಕೆ ಹೋಗಬೇಕೆಂಬ ಆಸೆ ಇದ್ದವರು ಮಾತ್ರ ಬುಡ ಭದ್ರ ಮಾಡುತ್ತಾರೆ.

ಈ ಒಂದು ರಿಪೇರಿ ಒಂದು ದೊಡ್ಡ ವಾದಕ್ಕೆ ಉತ್ತರ ಹೇಳಿತು. ಓಸೆಬರ್ಗ್ ಹಡಗು ತಗ್ಗು, ಅಂಚು ಎತ್ತರವಿಲ್ಲ, ಮೈತುಂಬ ಕೆತ್ತನೆ. ಇದು ರಾಣಿಯರು ನಿಂತ ನೀರಿನಲ್ಲಿ ವಿಹಾರ ಮಾಡುವ ದೋಣಿ, ನಿಜವಾದ ಸಮುದ್ರ ಕಂಡಿರಲಾರದು ಎಂದು ಕೆಲವರು ಹೇಳುತ್ತಿದ್ದರು. ಆದರೆ ವಿಹಾರದ ದೋಣಿಗೆ ಓಕ್ ದಿಮ್ಮಿ ಸೀಳುವಂಥ ಗಾಳಿಯ ಹೊಡೆತ ಎಲ್ಲಿಂದ ಬರಬೇಕು? ಹಾಯಿ ತುಂಬಿ, ಕಂಬ ಸನ್ನೆಕೋಲಿನ ಹಾಗೆ ಮುಂದಕ್ಕೆ ಜಗ್ಗಿ, ಮೀನಿನ ಮೈ ಬಿರಿಯುವಷ್ಟು ಆಕೆ ಓಡಿದ್ದಾಳೆ. ಕೆತ್ತನೆ ಹೇಳದ ಮಾತನ್ನು ಬಿರುಕು ಹೇಳಿತು.

ಮೀನು ಸೀಳಿದ್ದೇಕೆ ಎಂಬುದಕ್ಕೂ ಉತ್ತರ ಹಡಗಿನಲ್ಲಿಯೇ ಉಂಟು. ಓಸೆಬರ್ಗ್‌ನ ಅಜ್ಜಿ ಬಹಳ ಗಿಡ್ಡ. ಹಡಗಿನ ಪಕ್ಕೆಲುಬುಗಳಂತೆ ಅಡ್ಡಕ್ಕೆ ಮರಗಳು ಇರುತ್ತವಲ್ಲ, ಅವುಗಳಲ್ಲಿ ಎರಡರ ಮೇಲೆ ಮಾತ್ರ ಆಕೆ ಕೂತಿದ್ದಾಳೆ. ಎರಡು ಪಕ್ಕೆಗಳ ಮೇಲೆ ಇಡೀ ಕಂಬದ ಭಾರ! ಮೇಲಿನ ಮೀನೂ ನಾಲ್ಕು ಅಡ್ಡಮರಗಳಷ್ಟೇ ಉದ್ದ. ಆ ಕಾಲಕ್ಕೆ ಉತ್ತರದ ದೇಶಗಳಲ್ಲಿ ಹಾಯಿ ಎಂಬುದು ಇನ್ನೂ ಹೊಸತು. ಅವರು ತಲೆತಲಾಂತರದಿಂದ ಹುಟ್ಟು ಹಾಕಿದವರು. ಹುಟ್ಟು ಹಾಕುವ ದೋಣಿಯಲ್ಲಿ ಭಾರ ಎರಡೂ ಬದಿಗೆ ಹಂಚಿಹೋಗುತ್ತದೆ. ಹಾಯಿ ಬಂದ ಮೇಲೆ ಎಲ್ಲ ಭಾರ ನಡುವಿನ ಒಂದು ಕುಳಿಗೆ ಬಂದು ಬೀಳುತ್ತದೆ.

ಈಗ ಸುಮಾರು ಎಪ್ಪತ್ತು ವರ್ಷ ಮುಂದಕ್ಕೆ ಬನ್ನಿ. ಅದೇ ಸೀಮೆಯ ಸಾಂಡೆಫ್ಯೋರ್ಡ್ ಎಂಬಲ್ಲಿ ಗೋಕ್‌ಸ್ಟಾಡ್ ದಿಬ್ಬ. ಅದನ್ನು 1880ರಲ್ಲಿ, ಅಂದರೆ ಓಸೆಬರ್ಗ್‌ಗಿಂತ ಮೊದಲೇ, ನಿಕೊಲಾಯ್ ನಿಕೊಲಾಯ್‌ಸೆನ್ ಎಂಬವರು ಅಗೆದು ತೆಗೆದಿದ್ದರು. ಇದರ ಹಡಗು ಕಟ್ಟಿದ್ದು 890ರ ಸುಮಾರಿಗೆ. ಉದ್ದ ಸುಮಾರು 23 ಮೀಟರ್. ಇದರ ಹೊಟ್ಟೆಯೊಳಗೆ ಇಣುಕಿದರೆ ಅಜ್ಜಿ ಬೆಳೆದಿದ್ದಾಳೆ! ಎರಡು ಪಕ್ಕೆಗಳ ಬದಲು ನಾಲ್ಕು ಪಕ್ಕೆಗಳ ಮೇಲೆ ಕಾಲು ಚಾಚಿ ಕೂತಿದ್ದಾಳೆ. ಮೀನು ಆರು ಅಡ್ಡಮರಗಳಷ್ಟು ಉದ್ದ, ಮೈಯೂ ದಪ್ಪ. ಭಾರವನ್ನು ಹೆಚ್ಚು ಜನರ ಹೆಗಲಿಗೆ ಹಂಚಿದಂತೆ ಆಯಿತು. ಎರಡು ಹಡಗುಗಳನ್ನು ಹತ್ತಿರ ಹತ್ತಿರ ಇಟ್ಟು ನೋಡಿದವರಿಗೆ ಇದರ ಅರ್ಥ ಸ್ಪಷ್ಟ. ಓಸೆಬರ್ಗ್‌ನಂಥ ಹಡಗುಗಳಲ್ಲಿ ಬಿಟ್ಟ ಬಿರುಕುಗಳನ್ನು ಕಂಡ ಆಚಾರಿಗಳ ಮಕ್ಕಳು ಮೊಮ್ಮಕ್ಕಳು ಪಾಠ ಕಲಿತಿದ್ದರು. ಅವರಿಗೆ ಪುಸ್ತಕ ಇರಲಿಲ್ಲ, ನಕ್ಷೆ ಇರಲಿಲ್ಲ. ಬಿರುಕೇ ಪುಸ್ತಕ.

ಪಾಠ ಸರಿಯಾಗಿ ಕಲಿತಿದ್ದರೇ ಎಂಬುದಕ್ಕೆ ಪರೀಕ್ಷೆಯೂ ನಡೆಯಿತು. 1893ರಲ್ಲಿ ಅಮೆರಿಕದ ಚಿಕಾಗೋದಲ್ಲಿ ಒಂದು ಮಹಾ ಪ್ರದರ್ಶನ ಏರ್ಪಾಟಾಗಿತ್ತು. ನಿಮಗೆ ಆ ಇಸವಿ ಪರಿಚಿತ. ಸ್ವಾಮಿ ವಿವೇಕಾನಂದರು ಸೆಪ್ಟೆಂಬರ್ 11ರಂದು ಮಾತನಾಡಿದ ಸರ್ವಧರ್ಮ ಸಮ್ಮೇಳನ ಅದೇ ಪ್ರದರ್ಶನದ ಅಂಗವಾಗಿ ನಡೆದದ್ದು. ಅದಕ್ಕೆ ಎರಡು ತಿಂಗಳು ಮೊದಲು, ಜುಲೈಯಲ್ಲಿ, ಅದೇ ಊರಿಗೆ ಒಂದು ಹಾಯಿಹಡಗು ಬಂದು ಮುಟ್ಟಿತ್ತು. ಹೆಸರು ‘ವೈಕಿಂಗ್’. ಗೋಕ್‌ಸ್ಟಾಡ್ ಹಡಗಿನ ಅಳತೆ ಹಿಡಿದು ಕಟ್ಟಿದ ಪಡಿಯಚ್ಚು. ಮ್ಯಾಗ್ನಸ್ ಆಂಡರ್ಸನ್ ಎಂಬ ನಾವಿಕನು ಸ್ವಲ್ಪವೇ ಜನರನ್ನು ಕಟ್ಟಿಕೊಂಡು ಏಪ್ರಿಲ್ 30ಕ್ಕೆ ಬರ್ಗನ್ ಬಂದರು ಬಿಟ್ಟು, ಅಟ್ಲಾಂಟಿಕ್ ಸಾಗರವನ್ನು 28 ದಿನಗಳಲ್ಲಿ ದಾಟಿ ನ್ಯೂಫೌಂಡ್‌ಲ್ಯಾಂಡ್ ಮುಟ್ಟಿದ. ದೊಡ್ಡ ಅಲೆಗಳಿಗೆ ಹಡಗಿನ ಅಂಚು ಆರು ಇಂಚಿನಷ್ಟು ತಿರುಚಿಕೊಳ್ಳುತ್ತಿತ್ತು ಎಂದು ಆತ ಬರೆದಿಟ್ಟಿದ್ದಾನೆ. ಆದರೂ ಹಡಗು ಬಿರಿಯಲಿಲ್ಲ. ಕಂಬದ ಬುಡ ನಿಂತಲ್ಲೇ ನಿಂತಿತು.

ಕೇಳುಗರೇ, ಇಲ್ಲಿ ನನ್ನ ಸ್ವಂತದ ಒಂದು ಸಂಗತಿ ಹೇಳಬೇಕು. ಹೇಳಲು ಸ್ವಲ್ಪ ನಾಚಿಕೆಯೇ.

ನಮ್ಮದು ಹಳೇ ಕಾಲದ ಹಂಚಿನ ಮನೆ. ಚಾವಡಿಯಲ್ಲಿ ಮರದ ಕಂಬ. ಮಗಳ ಮದುವೆಯ ವರ್ಷ ಅದರ ಬುಡಕ್ಕೆ ಗೆದ್ದಲು ಹಿಡಿದದ್ದು ಕಂಡೆ. ಬೆರಳಿನಲ್ಲಿ ಒತ್ತಿದರೆ ಒಳಗೆ ಟೊಳ್ಳು. ಮದುವೆಗೆ ಹದಿನೈದು ದಿನ ಇತ್ತು, ಕೈಯಲ್ಲಿ ಹಣದ ಬಿಗಿ. ನಾನು ಮಾಡಿದ್ದೇನು? ಸುಣ್ಣದ ಗಾರೆ ಮೆತ್ತಿ, ಮೇಲಿನಿಂದ ಕಾವಿ ಬಣ್ಣ ಹೊಡೆಸಿದೆ. ಮದುವೆಗೆ ಬಂದವರೆಲ್ಲ “ಚಾವಡಿ ಚಂದ ಕಾಣುತ್ತದೆ” ಎಂದರು. ನಾನು ನಗುತ್ತಿದ್ದೆ, ಆದರೆ ಆ ಕಂಬಕ್ಕೆ ಒರಗಿ ಮಕ್ಕಳು ಕೂತಾಗ ಎದೆ ಧಸಕ್ಕೆನ್ನುತ್ತಿತ್ತು. ಮೂರನೆಯ ಮಳೆಗಾಲಕ್ಕೆ ಒಂದು ರಾತ್ರಿ ಲಟಕ್ಕೆಂದು ಸದ್ದು. ಕಂಬ ನಾಲ್ಕು ಬೆರಳು ಕುಸಿದಿತ್ತು. ಮಾಡಿನ ಹಂಚು ಸಾಲಾಗಿ ಜಾರಿತ್ತು. ದೇವರ ದಯೆ, ಅಲ್ಲಿ ಯಾರೂ ಮಲಗಿರಲಿಲ್ಲ.

ಬೆಳಿಗ್ಗೆ ಊರಿನ ಹಿರಿಯ ಆಚಾರ್ರು ಬಂದರು. ಉಳಿಯ ಹಿಡಿಯಲ್ಲಿ ತಟ್ಟಿ ನೋಡಿ, ನನ್ನ ಗಾರೆ ಉದುರಿಸಿ, ನನ್ನ ಮುಖ ನೋಡಿದರು. “ಬ್ಯಾಂಕಿನವರೇ, ಬಣ್ಣ ಕಣ್ಣಿಗಾಯಿತು. ಭಾರಕ್ಕೆ ಎಂತ ಕೊಟ್ಟಿರಿ?” ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಅವರು ಮೊದಲು ಮಾಡಿಗೆ ಊರೆ ಕೊಟ್ಟು ಭಾರ ಇಳಿಸಿದರು. ಕೊಳೆತ ಬುಡವನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ದು ತೆಗೆದರು. ಅಡಿಗೆ ಕಗ್ಗಲ್ಲು ಕೂರಿಸಿದರು. ಕಂಬದಲ್ಲಿ ಮೇಲೆ ಹೋಗುತ್ತಿದ್ದ ಒಂದು ಸೀಳಿಗೆ ಕಬ್ಬಿಣದ ಪಟ್ಟಿ ಬಿಗಿಸಿದರು. “ಪಟ್ಟಿಗೆ ಬಣ್ಣ ಹಚ್ಚಿ ಮುಚ್ಚುವುದಾ ಆಚಾರ್ರೆ?” ಎಂದೆ. “ಬೇಡ, ಕಾಣಲಿ. ನಾಳೆ ಸಡಿಲವಾದರೆ ನಿಮಗೇ ತಿಳಿಯುತ್ತದೆ” ಎಂದರು.

ಅವರ ಮಾತು ಕೇಳಿದಾಗ ನನಗೆ ಬ್ಯಾಂಕಿನ ಹಳೇ ದಿನ ನೆನಪಾಯಿತು. ಕಂಪ್ಯೂಟರ್ ಬರುವ ಮೊದಲು ನಾವು ದೊಡ್ಡ ಲೆಡ್ಜರುಗಳಲ್ಲಿ ಕೈಯಲ್ಲಿ ಬರೆಯುತ್ತಿದ್ದೆವು. ಅಂಕಿ ತಪ್ಪಿದರೆ ಕೆರೆದು ಅಳಿಸುವಂತಿರಲಿಲ್ಲ. ತಪ್ಪು ಅಂಕಿ ಓದಲು ಸಿಗುವ ಹಾಗೆ ಒಂದು ಗೆರೆ ಎಳೆದು, ಮೇಲೆ ಸರಿ ಅಂಕಿ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಅಳಿಸಿದರೆ ಅದು ಮೋಸ. ಗೆರೆ ಎಳೆದು ಸಹಿ ಹಾಕಿದರೆ ಅದು ತಿದ್ದುಪಡಿ. ಲೆಡ್ಜರಿನಲ್ಲಿ ಇಷ್ಟು ವರ್ಷ ಪಾಲಿಸಿದ ನಿಯಮವನ್ನು ನಾನು ಮನೆಯ ಕಂಬದಲ್ಲಿ ಮರೆತಿದ್ದೆ. ಓಸೆಬರ್ಗ್‌ನ ಕಮ್ಮಾರ ಮರೆಯಲಿಲ್ಲ. ಆ ಎರಡು ಕಬ್ಬಿಣದ ಪಟ್ಟಿಗಳು ಅವನ ಸಹಿ.

ಓದಿದ ಪಂಡಿತರೂ ಇದರಿಂದ ಹೊರತಲ್ಲ. 1987ರಲ್ಲಿ ಓಸೆಬರ್ಗ್ ಹಡಗಿನ ಒಂದು ಪಡಿಯಚ್ಚು ಕಟ್ಟಿದರು. ಹಾಯಿ ಬಿಚ್ಚಿ ಓಡಿಸುವಾಗ 1988ರಲ್ಲಿ ಅದು ಮುಳುಗಿಯೇ ಹೋಯಿತು. ಹಾಗಾದರೆ ಹಳಬರು ಹಡಗು ಕಟ್ಟಲು ಅರಿಯದವರೇ? ಪಂಡಿತರು ಹಾಗೆಂದು ಕೈ ತೊಳೆದುಕೊಳ್ಳಲಿಲ್ಲ. ಮೂಲ ಹಡಗಿನ ತುಂಡುಗಳನ್ನು ಹೊಸ ಯಂತ್ರಗಳಿಂದ ಮತ್ತೆ ಅಳೆದರು. ಆಗ ತಿಳಿಯಿತು, ನೂರು ವರ್ಷ ಹಿಂದೆ ಚೂರು ಜೋಡಿಸುವಾಗಲೇ ಹಡಗಿನ ತಳದ ಆಕಾರ ಸ್ವಲ್ಪ ತಪ್ಪಿತ್ತು. ತಪ್ಪು ನಮ್ಮದು ಎಂದು ಒಪ್ಪಿ, ತಿದ್ದಿದ ಅಳತೆಯಲ್ಲಿ ಟೋನ್ಸ್‌ಬರ್ಗ್‌ನಲ್ಲಿ ಹೊಸ ಹಡಗು ಕಟ್ಟಿದರು. ಹೆಸರು ‘ಸಾಗಾ ಓಸೆಬರ್ಗ್’. 2012ರ ಜೂನ್‌ನಲ್ಲಿ ಅದನ್ನು ನೀರಿಗೆ ಇಳಿಸಿದರು. ಅದು ಹಾಯಿ ಬಿಚ್ಚಿ ಚೆನ್ನಾಗಿ ಓಡಿತು. ಸಾವಿರದ ಇನ್ನೂರು ವರ್ಷದ ಮೇಲೆ ಆ ಆಚಾರಿಯ ಮರ್ಯಾದೆ ಉಳಿಯಿತು.

ಒಳ್ಳೆಯ ಮನಸ್ಸಿನಿಂದ ಮಾಡಿದ ರಿಪೇರಿಯೂ ಕೆಲವೊಮ್ಮೆ ಕೆಡಿಸುವುದುಂಟು. ಓಸೆಬರ್ಗ್ ದಿಬ್ಬದಲ್ಲಿ ಸಿಕ್ಕ ಜಾರುಗಾಡಿ ಮೊದಲಾದ ಕೆಲವು ಮರದ ಸಾಮಾನುಗಳು ಒಣಗಿ ಮುರುಟದಿರಲಿ ಎಂದು ಆಗ ಅವುಗಳನ್ನು ಪಟಿಕದ ಬಿಸಿನೀರಿನಲ್ಲಿ ಅದ್ದಿದರು. ಆ ಕಾಲಕ್ಕೆ ಅದೇ ಉತ್ತಮ ವಿಧಾನ. ಆದರೆ ಪಟಿಕದಿಂದ ಮರದೊಳಗೆ ಆಮ್ಲ ಹುಟ್ಟಿ, ನೂರು ವರ್ಷದಲ್ಲಿ ಮರದ ತಿರುಳೇ ಪುಡಿಯಾಗುತ್ತಾ ಬಂತು. ಹೊರಗಿನಿಂದ ನೋಡಿದರೆ ಕೆತ್ತನೆ ಹಾಗೆಯೇ ಉಂಟು, ಒಳಗೆ ಟೊಳ್ಳು. ನನ್ನ ಚಾವಡಿಯ ಕಂಬದ ಹಾಗೆಯೇ. ಹಡಗಿಗೆ ಈ ಪಟಿಕದ ಉಪಚಾರ ಮಾಡಿರಲಿಲ್ಲ. ಅದರಿಂದ ಅದು ಉಳಿಯಿತು.

ಕಂಬದ ಬುಡ ಎಂದರೆ ಮನುಷ್ಯನಿಗೆ ಮೊದಲಿನಿಂದಲೂ ಭಯ, ಭಕ್ತಿ ಎರಡೂ ಉಂಟು. 1962ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ, ಬ್ಲ್ಯಾಕ್‌ಫ್ರಯರ್ಸ್ ಎಂಬಲ್ಲಿ ಪೀಟರ್ ಮಾರ್ಸ್‌ಡನ್ ಎಂಬವರು ರೋಮನರ ಕಾಲದ ಒಂದು ಸರಕು ಹಡಗನ್ನು ಪತ್ತೆ ಮಾಡಿದರು. ಅದರ ಹಾಯಿಕಂಬ ನಿಲ್ಲುವ ಕುಳಿಯಲ್ಲಿ ಒಂದು ಕಂಚಿನ ನಾಣ್ಯ ಸಿಕ್ಕಿತು. ಡೊಮಿಷಿಯನ್ ಎಂಬ ಚಕ್ರವರ್ತಿಯದು. ಅದರ ಹಿಂಬದಿಯಲ್ಲಿ ರೋಮನರ ಭಾಗ್ಯದೇವತೆ ಫಾರ್ಚೂನಾ, ಕೈಯಲ್ಲಿ ಹಡಗಿನ ಚುಕ್ಕಾಣಿ. ಆ ದೇವತೆಯ ಮುಖ ಮೇಲಕ್ಕೆ, ಕಂಬದ ಕಡೆಗೆ ಬರುವ ಹಾಗೆ ಇಟ್ಟಿದ್ದರು. ಇದನ್ನು ಓದಿದಾಗ ನನಗೆ ಪರದೇಶದ ಸುದ್ದಿ ಎಂದು ಅನ್ನಿಸಲೇ ಇಲ್ಲ. ನಾವೂ ಮನೆಗೆ ಅಡಿಗಲ್ಲು ಇಡುವಾಗ ಕೆಳಗೆ ನಾಣ್ಯ ಹಾಕುವುದಿಲ್ಲವೇ? ನಮ್ಮ ದೇವಸ್ಥಾನಗಳ ಕೊಡಿಮರವನ್ನೇ ನೋಡಿ. ಸಾಗುವಾನಿಯ ಮರವನ್ನು ತಂದು ತಿಂಗಳುಗಟ್ಟಲೆ ಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ. ಆ ಎಣ್ಣೆಯ ತೊಟ್ಟಿಗೆ ಮಲಯಾಳದಲ್ಲಿ ಹೆಸರೇನು? ‘ಎಣ್ಣತ್ತೋಣಿ’. ಎಣ್ಣೆಯ ದೋಣಿ! ಕಂಬ ಹಡಗಿನದಾಗಲಿ ದೇವರದಾಗಲಿ, ದೋಣಿಯ ನಂಟು ಬಿಡಲಿಲ್ಲ ನೋಡಿ.

ಮೊಮ್ಮಗಳಿಗೆ ಇಷ್ಟನ್ನೂ ಹೇಳಿ ಮುಗಿಸಿದಾಗ ಅವಳು ನಮ್ಮ ಚಾವಡಿಯ ಕಂಬದ ಹತ್ತಿರ ಹೋಗಿ ಕೂತಳು. ಕಬ್ಬಿಣದ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ, “ಅಜ್ಜ, ಇದು ಗಟ್ಟಿ ಉಂಟು” ಎಂದಳು. ಆಮೇಲೆ ಕೆಳಗೆ ಕಗ್ಗಲ್ಲನ್ನು ತಟ್ಟಿ, “ಇದು ಅಜ್ಜಿಯಾ?” ಎಂದು ಕೇಳಿದಳು. ಅಡಿಗೆಮನೆಯಲ್ಲಿದ್ದ ನನ್ನ ಹೆಂಡತಿ, ತನ್ನನ್ನೇ ಕರೆದರೆಂದು ತಿಳಿದು, “ಎಂತ ಮಗಾ?” ಎಂದು ಸೆರಗಿಗೆ ಕೈ ಒರಸುತ್ತಾ ಹೊರಗೆ ಬಂದಳು.

ಮಳೆಗಾಲಕ್ಕೆ ಮುಂಚೆ ನೀವೂ ಒಮ್ಮೆ ನಿಮ್ಮ ಮನೆಯ ಕಂಬದ ಬುಡವನ್ನು ಬಗ್ಗಿ ನೋಡಿ. ಬೆರಳಿನಿಂದ ಒತ್ತಿ ನೋಡಿ. ಬಿರುಕು ಕಂಡರೆ ಬಣ್ಣದ ಡಬ್ಬಿಗೆ ಕೈ ಹಾಕಬೇಡಿ, ಆಚಾರಿಗೆ ಹೇಳಿ ಕಳುಹಿಸಿ.